ತಾಯಂದಿರ ಮೂತ್ರ ಸೋರಿಕೆಗೆ ಕಾಂತದ ಕುರ್ಚಿ

ಕಳೆದ ಸಂಚಿಕೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ಬರೆದಿದ್ದೆವು. ಸುಣ್ಣ ಎಷ್ಟು, ಮೈಲುತುತ್ತು ಎಷ್ಟು ಎಂದು ಕೇಳಿಕೊಂಡು ಭಾನುವಾರದ ಪೂಜೆಯ ನಂತರ ಹಲವರು ನಮ್ಮ ಬಳಿ ಬಂದರು. ಈ ಸಲದ ವಿಷಯವನ್ನು ಹಾಗೆ ಇಗರ್ಜಿಯ ಅಂಗಳದಲ್ಲಿ ನಿಂತು ಯಾರೂ ಕೇಳಲಾರರು ಎಂಬುದು ನಮಗೆ ಗೊತ್ತು. ಕೇಳಲಾರದ ವಿಷಯವಾದುದರಿಂದಲೇ ಬರೆಯಬೇಕಾಗಿದೆ. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಸೊಪ್ಪಿನ ಹೊರೆ ಎತ್ತಿದಾಗ ಹೆಂಗಸರಿಗೆ ತಮಗರಿವಿಲ್ಲದೆ ಮೂತ್ರ ಹೋಗುವ ತೊಂದರೆ ಮತ್ತು ಅದಕ್ಕೆ ಈಗ ಬಂದಿರುವ ಕಾಂತ ಚಿಕಿತ್ಸೆ, ಇದು ವಿಷಯ.

ಧರ್ಮಗುರುಗಳು ಇಂಥದನ್ನೆಲ್ಲ ಬರೆಯಬೇಕೇ ಎಂದು ಹುಬ್ಬೇರಿಸುವವರು ಇದ್ದಾರು. ಕರು ಹಾಕಿದ ಹಸುವಿನ ಗರ್ಭಕೋಶ ಹೊರಬಂದರೆ ಏನು ಮಾಡಬೇಕೆಂದು ಇದೇ ಪುಟದಲ್ಲಿ ಬರೆದಾಗ ಯಾರೂ ಹುಬ್ಬೇರಿಸಲಿಲ್ಲ. ಆ ಹಸುವಿಗೆ ಹುಲ್ಲು ತರುವ ತಾಯಿಯ ಶರೀರದ ಬಗ್ಗೆ ಬರೆಯಲು ಸಂಕೋಚವೇಕೆ? ಗಂಡಸರೂ ಇದನ್ನು ಓದಬೇಕೆಂದು ಮೊದಲೇ ಕೇಳಿಕೊಳ್ಳುತ್ತೇವೆ. ಆಸ್ಪತ್ರೆಗೆ ಹೋಗಲು ಬಸ್ಸಿನ ಹಣ ಕೊಡುವವರು ಹೆಚ್ಚಿನ ಮನೆಗಳಲ್ಲಿ ಅವರೇ.

ನಮ್ಮ ಗಡಿನಾಡಿನ ವಿಚಾರಣೆಗಳಲ್ಲಿ ಮನೆ ಭೇಟಿಗೆ ಹೋಗುವ ಸಿಸ್ಟರುಗಳು ಹೇಳುವ ಮಾತು ಒಂದೇ. ಎಷ್ಟೋ ತಾಯಂದಿರು ತೋಟಕ್ಕೆ ಹೋಗುವ ದಿನ ಬೆಳಿಗ್ಗೆಯಿಂದ ಒಂದು ಲೋಟ ನೀರನ್ನೂ ಕುಡಿಯುವುದಿಲ್ಲ. ಹಳೆ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು ಹೋಗುತ್ತಾರೆ. ಮದುವೆ ಮನೆಗೆ ಹೋಗುವುದು ಬಿಟ್ಟವರು, ವೇಳಾಂಕಣ್ಣಿಗೆ ಬಸ್ಸು ಹೊರಡುವಾಗ ನನಗೆ ಸೊಂಟ ನೋವು ಎಂದು ನೆಪ ಹೇಳಿ ಮನೆಯಲ್ಲೇ ಉಳಿದವರು ಇದ್ದಾರೆ. ಇಗರ್ಜಿಯಲ್ಲಿ ಬಾಗಿಲ ಪಕ್ಕದ ಕೊನೆಯ ಬೆಂಚನ್ನು ಬಿಟ್ಟು ಮುಂದೆ ಬಾರದ ಕೆಲವರನ್ನು ನಾವು ಬಹುಕಾಲ ಭಕ್ತಿ ಕಡಿಮೆಯವರೆಂದು ಕರೆಯುವುದನ್ನು ಕೇಳಿದ್ದೇವೆ. ಅವರು ಅಲ್ಲಿ ಕೂರುವುದಕ್ಕೆ ಬೇರೆಯೇ ಕಾರಣ ಇರಬಹುದು. "ಎಂತ ಮಾಡುವುದು ಸಿಸ್ಟರ್, ಪ್ರಾಯ ಆಯ್ತಲ್ಲ" ಎನ್ನುವುದು ಅವರ ಉತ್ತರ. ನಾಲ್ಕು ಹೆತ್ತವಳಿಗೆ ಇಷ್ಟೂ ಆಗದೆ ಇರುತ್ತದೆಯೇ ಎಂದು ಅತ್ತೆಯಾದವಳೂ ಸೊಸೆಗೆ ಹೇಳುತ್ತಾಳೆ, ಏಕೆಂದರೆ ಆಕೆಗೂ ಹಾಗೆಯೇ ಆಗಿತ್ತು.

ಹೀಗಿರುವಾಗ ಈಚೆಗೆ ಮೊಬೈಲಿನಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. ಬಟ್ಟೆ ತೆಗೆಯಬೇಕಾಗಿಲ್ಲ, ಸೂಜಿ ಇಲ್ಲ, ಆಪರೇಶನ್ ಇಲ್ಲ, ಕಾಂತದ ಕುರ್ಚಿಯ ಮೇಲೆ ಅರ್ಧ ಗಂಟೆ ಕೂತರೆ ಸಾಕು ಎನ್ನುತ್ತದೆ ಅದು. "ಫಾದರ್, ಆ ಕುರ್ಚಿಯಲ್ಲಿ ಕೂತರೆ ಹೋಗ್ತದಂತೆ, ಹೌದಾ?" ಎಂದು ಒಬ್ಬ ಮಗ ತನ್ನ ತಾಯಿಯ ಸಲುವಾಗಿ ನಮ್ಮನ್ನು ಕೇಳಿದ. ದಾಸ್ತಾನು ಇಟ್ಟ ಅಡಿಕೆಯನ್ನು ಮಾರಿಯಾದರೂ ಹಣ ಹೊಂದಿಸುತ್ತೇನೆ ಎಂದ. ತಾಯಿಗಾಗಿ ಹಾಗೆ ಹೇಳುವ ಮಗ ಇದ್ದಾನೆ ಎಂಬುದು ಸಂತೋಷದ ಸಂಗತಿ. ಆದರೆ ಅಡಿಕೆ ಮಾರುವ ಮೊದಲು ತಿಳಿದುಕೊಳ್ಳಬೇಕಾದ ಕೆಲವು ವಿಷಯಗಳಿವೆ.

ಸೋರುವುದು ಏಕೆ?

ನಮ್ಮ ಸೊಂಟದ ಎಲುಬು ತಳವಿಲ್ಲದ ಬುಟ್ಟಿಯ ಹಾಗೆ ಇದೆ. ಆ ಬುಟ್ಟಿಗೆ ತಳವಾಗಿ ಮುಂದಿನಿಂದ ಹಿಂದಿನವರೆಗೆ ತೊಟ್ಟಿಲ ಬಟ್ಟೆಯಂತೆ ಹರಡಿಕೊಂಡಿರುವ ಸ್ನಾಯುಗಳಿವೆ. ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ, ನಾವು ತಳಸ್ನಾಯು ಎಂದು ಕರೆಯೋಣ. ಮೂತ್ರಕೋಶ, ಗರ್ಭಕೋಶ, ಕರುಳಿನ ಕೊನೆಯ ಭಾಗ ಇವೆಲ್ಲದರ ಭಾರವನ್ನು ಹೊರುವುದು ಅದೇ. ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವುದೂ ಈ ಸ್ನಾಯುಗಳ ನಡುವಿನಿಂದಲೇ. ಆಗ ಅದು ವಿಪರೀತ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ, ಅದರ ನರಕ್ಕೂ ಪೆಟ್ಟಾಗುತ್ತದೆ. ಮುಟ್ಟು ನಿಂತ ಮೇಲೆ ಅಲ್ಲಿನ ಚರ್ಮ, ಮಾಂಸಗಳ ಕಸುವು ಕಡಿಮೆಯಾಗುತ್ತದೆ. ಹಳೆಯ ಕೆಮ್ಮು, ಮಲಬದ್ಧತೆ, ಮೈಭಾರ, ತಲೆಹೊರೆ ಇವೆಲ್ಲ ಸೇರಿ ಆ ತಳವನ್ನು ದಿನವೂ ಕೆಳಕ್ಕೆ ದೂಡುತ್ತಿರುತ್ತವೆ.

ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಡಾ. ಜಾನ್ ಡಿಲಾನ್ಸಿ ಎಂಬ ಸ್ತ್ರೀರೋಗ ತಜ್ಞರು 1994ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಕೃಷಿಕರಿಗೆ ಚೆನ್ನಾಗಿ ಅರ್ಥವಾಗುವಂಥದು. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಮೇಲೆ ಕಾಲಿಟ್ಟು ಒತ್ತಿರಿ. ಪೈಪು ಗಟ್ಟಿ ನೆಲದ ಮೇಲಿದ್ದರೆ ನೀರು ನಿಲ್ಲುತ್ತದೆ. ಕೆಸರಿನ ಮೇಲಿದ್ದರೆ ಎಷ್ಟು ಒತ್ತಿದರೂ ಪೈಪು ಕೆಸರಿನೊಳಗೆ ಇಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಮೂತ್ರ ಹೊರಬರುವ ನಾಳದ ಮೇಲೆ ಬೀಳುತ್ತದೆ. ಕೆಳಗಿನ ತಳ ಗಟ್ಟಿಯಾಗಿದ್ದರೆ ನಾಳ ಒತ್ತಿಕೊಂಡು ಮುಚ್ಚುತ್ತದೆ, ತಳ ಕೆಸರಿನಂತಾಗಿದ್ದರೆ ಸೋರುತ್ತದೆ. ಇದಕ್ಕೆ ಒತ್ತಡದ ಸೋರಿಕೆ ಎನ್ನುತ್ತಾರೆ.

ಇನ್ನೊಂದು ಬಗೆ ಆತುರದ ಸೋರಿಕೆ. ಮೂತ್ರಕೋಶ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತದೆ. ಬಚ್ಚಲಿನ ಬಾಗಿಲಿಗೆ ಕೈಹಾಕುವಷ್ಟರಲ್ಲಿ, ನಲ್ಲಿಯ ನೀರಿನ ಸದ್ದು ಕೇಳಿದೊಡನೆ ಮೂತ್ರ ಹೊರಟುಬಿಡುತ್ತದೆ. ಕೆಲವರಿಗೆ ಎರಡೂ ಸೇರಿಕೊಂಡಿರುತ್ತದೆ. ಯಾವ ಬಗೆ ಎಂದು ತಿಳಿಯದೆ ಚಿಕಿತ್ಸೆಗೆ ಹೊರಡುವುದೆಂದರೆ, ಹಳದಿ ರೋಗವೋ ಕೊಳೆರೋಗವೋ ಎಂದು ನೋಡದೆ ಮರಕ್ಕೆ ಔಷಧ ಹೊಡೆದ ಹಾಗೆ.

ಕುರ್ಚಿಯ ಒಳಗೇನಿದೆ?

ಸೈಕಲಿನ ಡೈನಮೋವನ್ನು ಹಿರಿಯರೆಲ್ಲ ನೋಡಿದ್ದೀರಿ. ಚಕ್ರ ತಿರುಗಿದರೆ ದೀಪ ಉರಿಯುತ್ತದೆ, ಚಕ್ರ ನಿಂತರೆ ದೀಪ ಆರುತ್ತದೆ. ಡೈನಮೋದೊಳಗಿನ ಅಯಸ್ಕಾಂತ ಆಗಲೂ ಅಲ್ಲೇ ಇರುತ್ತದೆ, ಆದರೆ ಅದು ಅಲುಗದೆ ಇದ್ದರೆ ವಿದ್ಯುತ್ತು ಹುಟ್ಟುವುದಿಲ್ಲ. ಬದಲಾಗುತ್ತಿರುವ ಕಾಂತಬಲವೇ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು. ಇದನ್ನು 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಕಂಡುಹಿಡಿದರು. ಅವರು ಬಡ ಕಮ್ಮಾರನ ಮಗ, ಬುಕ್ ಬೈಂಡರನ ಬಳಿ ಕೆಲಸ ಕಲಿತವರು.

ಕುರ್ಚಿಯ ಆಸನದ ಕೆಳಗೆ ದಪ್ಪ ತಂತಿಯ ಒಂದು ಸುರುಳಿ ಇರುತ್ತದೆ. ಅದರಲ್ಲಿ ಸೆಕೆಂಡಿಗೆ ಹಲವು ಸಲ ವಿದ್ಯುತ್ತನ್ನು ಹರಿಸಿ ನಿಲ್ಲಿಸುತ್ತಾರೆ. ಅತಿ ಸಣ್ಣ ಕ್ಷಣಕ್ಕೆ ಭಾರೀ ಕಾಂತಬಲ ಹುಟ್ಟಿ ಅಡಗುತ್ತದೆ. ಸೀರೆ, ಚರ್ಮ, ಎಲುಬು ಯಾವುದೂ ಅದನ್ನು ತಡೆಯುವುದಿಲ್ಲ. ಡೈನಮೋದ ತಂತಿಯಲ್ಲಿ ವಿದ್ಯುತ್ತು ಹುಟ್ಟುವಂತೆ ಇಲ್ಲಿ ತಳಸ್ನಾಯುವಿಗೆ ಹೋಗುವ ನರಗಳಲ್ಲಿ ಹುಟ್ಟುತ್ತದೆ, ನರ ಸ್ನಾಯುವಿಗೆ ಅಪ್ಪಣೆ ಕೊಡುತ್ತದೆ, ಸ್ನಾಯು ಬಿಗಿಯುತ್ತದೆ. ಕೂತವರಿಗೆ ಕೆಳಗಿನಿಂದ ಯಾರೋ ತಟ್ಟಿದ ಹಾಗೆ, ಒಳಕ್ಕೆ ಎಳೆದ ಹಾಗೆ ಅನಿಸುತ್ತದೆ. ಟಕ ಟಕ ಸದ್ದು ಕೇಳುತ್ತದೆ. ಶಾಕ್ ಹೊಡೆದಂತೆ ಆಗುವುದಿಲ್ಲ. ಮರುದಿನ ಮೈಕೈ ನೋವಿನಂತೆ ತುಸು ನೋವು ಬಂದರೂ ಬರಬಹುದು.

ಜಾತ್ರೆಗಳಲ್ಲಿ, ಸಂತೆಗಳಲ್ಲಿ ಕಾಂತದ ಬೆಲ್ಟು, ಕಾಂತದ ಹಾಸಿಗೆ, ಕಾಂತದ ಬಳೆ ಮಾರುವವರು ಬರುತ್ತಾರೆ. ಕೆಲವರು ಚೈನ್ ಮಾರ್ಕೆಟಿಂಗ್ ಎಂದು ಮನೆ ಬಾಗಿಲಿಗೇ ತರುತ್ತಾರೆ. ಅವು ಅಲುಗದ ಅಯಸ್ಕಾಂತಗಳು, ಚಕ್ರ ನಿಂತ ಡೈನಮೋ ಇದ್ದಂತೆ. ಅವುಗಳಿಂದ ಯಾವ ನರವೂ ಎಚ್ಚರಗೊಳ್ಳುವುದಿಲ್ಲ, ಯಾವ ಸ್ನಾಯುವೂ ಬಿಗಿಯುವುದಿಲ್ಲ. ಆಸ್ಪತ್ರೆಯ ಕುರ್ಚಿಯ ಹೆಸರು ಹೇಳಿ ಈ ಸಾಮಾನುಗಳನ್ನು ಮಾರುವವರನ್ನು ಅಂಗಳದಿಂದಲೇ ಹಿಂದಕ್ಕೆ ಕಳುಹಿಸಬೇಕು.

ಕುರ್ಚಿಯ ಹಿಂದಿನ ವಿದ್ಯೆ ಹಳೆಯದೇ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಹೊರಗಿನಿಂದ ಕಾಂತಬಲ ಹಾಯಿಸಿ ಮೆದುಳನ್ನು ಪ್ರಚೋದಿಸಿ ಕೈಯ ಸ್ನಾಯು ಅಲುಗುವಂತೆ ಮಾಡಿ ತೋರಿಸಿದ್ದರು. ಅದೇ ತತ್ವದಿಂದ ತಳಸ್ನಾಯುವಿಗಾಗಿ ಮಾಡಿದ ನಿಯೋಕಂಟ್ರೋಲ್ ಎಂಬ ಕುರ್ಚಿಗೆ ಅಮೆರಿಕ ಸರಕಾರದ ಔಷಧ ಇಲಾಖೆ 1998ರಲ್ಲಿ ಅನುಮತಿ ಕೊಟ್ಟಿತು. ಮರುವರ್ಷ ಅಟ್ಲಾಂಟಾ ನಗರದ ಡಾ. ನಯಲ್ ಗ್ಯಾಲೊವೇ ಮತ್ತು ಜೊತೆಯವರು ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಎರಡು ಸಲ, ಆರು ವಾರ ಕೂತು, ಬಳಿಕ ಮೂರು ತಿಂಗಳಿಗೂ ಹೆಚ್ಚು ಕಾಲ ಗಮನದಲ್ಲಿದ್ದ 50 ಮಂದಿ ಹೆಂಗಸರಲ್ಲಿ 17 ಮಂದಿಗೆ ಸೋರಿಕೆ ಪೂರ್ತಿ ನಿಂತಿತ್ತು. ಮೂರರಲ್ಲಿ ಒಬ್ಬರಿಗೆ ಎಂದಾಯಿತು. ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದು ಪ್ಯಾಡು ಸಾಕಾಗುತ್ತಿತ್ತು.

ಪರೀಕ್ಷೆಯ ಮಾತು

ಆದರೆ ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಸುಳ್ಳು ಕುರ್ಚಿ ಇರಲಿಲ್ಲ. ಗೊಬ್ಬರ ಹಾಕಿದ ಗದ್ದೆಯಲ್ಲಿ ಪೈರು ಚೆನ್ನಾಗಿ ಬಂತೆಂದರೆ ಸಾಲದು, ಪಕ್ಕದಲ್ಲಿ ಗೊಬ್ಬರ ಹಾಕದ ಗದ್ದೆಯನ್ನೂ ನೋಡಬೇಕು. ಮಳೆಯೇ ಚೆನ್ನಾಗಿ ಬಂದಿರಬಹುದಲ್ಲ!

ಹಾಗೆ ಎರಡು ಗದ್ದೆ ಮಾಡಿ ನೋಡಿದವರಲ್ಲಿ ನಮಗೆ ಮುಖ್ಯವೆನಿಸುವುದು ಮಲೇಶಿಯಾ ದೇಶದ ಪೆನಾಂಗಿನ ಅಧ್ಯಯನ. 2017ರಲ್ಲಿ ಪ್ರಕಟವಾಯಿತು. ಒತ್ತಡದ ಸೋರಿಕೆ ಇದ್ದ 120 ಹೆಂಗಸರಲ್ಲಿ 60 ಮಂದಿಯನ್ನು ನಿಜವಾದ ಕುರ್ಚಿಯಲ್ಲಿ, 60 ಮಂದಿಯನ್ನು ಕೆಲಸ ಮಾಡದ ಆದರೆ ಹಾಗೆಯೇ ತೋರುವ ಕುರ್ಚಿಯಲ್ಲಿ ವಾರಕ್ಕೆ ಎರಡು ಸಲದಂತೆ ಎರಡು ತಿಂಗಳು ಕೂರಿಸಿದರು. ನಿಜವಾದ ಕುರ್ಚಿಯವರಲ್ಲಿ 45 ಮಂದಿಗೆ ಗುಣ ಕಂಡಿತು, ಸುಳ್ಳು ಕುರ್ಚಿಯವರಲ್ಲಿ 13 ಮಂದಿಗೆ. ವ್ಯತ್ಯಾಸ ದೊಡ್ಡದೇ. ಒಂದು ವರ್ಷ ಕಳೆದ ಮೇಲೂ ಹೆಚ್ಚಿನವರಲ್ಲಿ ಆ ಗುಣ ಉಳಿದಿತ್ತು. ಆದರೆ ಗುಣ ಎಂದರೆ ಇಲ್ಲಿ ಪೂರ್ತಿ ವಾಸಿ ಎಂದಲ್ಲ. ಎಷ್ಟು ಸಲ ಸೋರುತ್ತದೆ, ಎಷ್ಟು ಸೋರುತ್ತದೆ, ಜೀವನಕ್ಕೆ ಎಷ್ಟು ತೊಂದರೆ ಎಂದು ಕೇಳಿ 21ರವರೆಗೆ ಅಂಕ ಹಾಕುತ್ತಾರೆ. ಅದರಲ್ಲಿ 5 ಅಂಕ ಇಳಿದರೆ ಗುಣವಾಯಿತೆಂದು ಲೆಕ್ಕ. ಸುಳ್ಳು ಕುರ್ಚಿಯಲ್ಲಿ ಸುಮ್ಮನೆ ಕೂತ 13 ಮಂದಿಗೂ ಗುಣ ಕಂಡಿತಲ್ಲ, ಅದನ್ನೂ ಮರೆಯಬಾರದು. ತನ್ನ ಕಷ್ಟವನ್ನು ಯಾರೋ ಕೇಳಿಸಿಕೊಂಡರು ಎಂಬುದರಲ್ಲೂ ಔಷಧಿ ಇದೆ ಎಂದು ನಮಗೆ ಅನಿಸುತ್ತದೆ.

ಇದಕ್ಕೆ ಎದುರಾದ ಸಾಕ್ಷಿಯೂ ಇದೆ. ನ್ಯೂಜಿಲೆಂಡಿನ ಟೌರಂಗಾದಲ್ಲಿ ಡಾ. ಪೀಟರ್ ಗಿಲ್ಲಿಂಗ್ ಮತ್ತು ತಂಡದವರು 70 ಮಂದಿಯ ಮೇಲೆ ಇದೇ ರೀತಿ ಸುಳ್ಳು ಕುರ್ಚಿಯೊಂದಿಗೆ ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆ ನೋಡಿದರೆ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ. ಆದರೆ ಒಂದು ಪಂಗಡಕ್ಕೆ ಉಪಯೋಗ ಕಂಡಿತು. ಅವರು ಯಾರೆಂದರೆ, ತಳಸ್ನಾಯುವನ್ನು ತಾವಾಗಿ ಸರಿಯಾಗಿ ಬಿಗಿಹಿಡಿಯಲು ಆಗದೆ ಇದ್ದ ಹೆಂಗಸರು.

ಈ ಮಾತು ನಮಗೆ ತುಂಬ ಮುಖ್ಯವೆಂದು ತೋರುತ್ತದೆ. ತನ್ನ ಸ್ನಾಯು ಎಲ್ಲಿದೆ, ಅದನ್ನು ಹೇಗೆ ಬಿಗಿಯಬೇಕು ಎಂಬುದೇ ಸಿಕ್ಕದವರಿಗೆ, ಹೆರಿಗೆಯ ನಂತರ ಅಲ್ಲಿಯ ಅರಿವೇ ಹೋದವರಿಗೆ, ಕುರ್ಚಿ ಒಳ್ಳೆಯ ಊರುಗೋಲು. ತಾವೇ ಬಿಗಿಹಿಡಿಯಬಲ್ಲವರು ಮೊದಲು ಆ ಕೆಲಸವನ್ನೇ ಮಾಡಬೇಕು. ಆತುರದ ಸೋರಿಕೆಯವರಿಗೂ ಕಾಂತದಿಂದ ಉಪಯೋಗವಿದೆ ಎಂದು ಜಪಾನಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅವರಿಗೆ ಚಹಾ ಕಾಫಿ ಕಡಿಮೆ ಮಾಡುವುದು, ಗಡಿಯಾರ ನೋಡಿಕೊಂಡು ಮೂತ್ರಕ್ಕೆ ಹೋಗುವ ನಡುವಿನ ಸಮಯವನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು, ಬೇಕಾದರೆ ಮಾತ್ರೆ ಇವು ಮೊದಲ ದಾರಿಗಳು.

2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಮ್ಸೆಲ್ಲಾ ಎಂಬ ಇನ್ನಷ್ಟು ಬಲದ ಕುರ್ಚಿಯೇ ಈಗ ನಮ್ಮ ದೇಶದ ನಗರಗಳಲ್ಲಿ ಹೆಚ್ಚಾಗಿ ಜಾಹೀರಾತಿನಲ್ಲಿ ಕಾಣುವುದು. ಅರ್ಧ ಗಂಟೆಗೆ ತುಸು ಕಡಿಮೆ ಹೊತ್ತು, ವಾರಕ್ಕೆ ಎರಡು ಸಲ, ಮೂರು ವಾರ ಕೂರಬೇಕು. ಒಂದು ಸಲ ಕೂರಲಿಕ್ಕೆ ಸಾವಿರಗಟ್ಟಲೆ ರೂಪಾಯಿ ತಗಲುತ್ತದೆ. ಒಂದು ಸಲ ಕೂತರೆ ಹನ್ನೊಂದು ಸಾವಿರಕ್ಕೂ ಹೆಚ್ಚು ಬಾರಿ ಸ್ನಾಯು ಬಿಗಿಯುತ್ತದೆ ಎಂದು ಕಂಪೆನಿ ಹೇಳಿಕೊಳ್ಳುತ್ತದೆ. ಇರಬಹುದು. ಸ್ನಾಯುವಿನ ಆರೋಗ್ಯವನ್ನು ಅಡಿಕೆಯಂತೆ ಎಣಿಸಿ ಲೆಕ್ಕ ಹಾಕಲು ಬರುವುದಿಲ್ಲ. ಕೆಮ್ಮು ಬರುವ ಕ್ಷಣಕ್ಕೆ ಸರಿಯಾಗಿ ಬಿಗಿಹಿಡಿಯುವ ಜಾಣತನವನ್ನು ಯಾವ ಕುರ್ಚಿಯೂ ಕಲಿಸಲಾರದು.

ಖರ್ಚಿಲ್ಲದ ಮೊದಲ ಮದ್ದು

ಆ ಜಾಣತನವನ್ನು ಕಲಿಸುವುದು ವ್ಯಾಯಾಮ. ಲಾಸ್ ಏಂಜಲಿಸಿನ ಡಾ. ಆರ್ನಾಲ್ಡ್ ಕೆಗಲ್ ಎಂಬುವರು 1948ರಲ್ಲಿ ಇದರ ಬಗ್ಗೆ ಬರೆದು ಪ್ರಚಾರಕ್ಕೆ ತಂದರು. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ವರದಿಯಂತೆ, ಒತ್ತಡದ ಸೋರಿಕೆ ಇದ್ದು ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56 ಮಂದಿ ವಾಸಿಯಾಯಿತೆಂದರು. ಏನೂ ಮಾಡದವರಲ್ಲಿ ಹಾಗೆಂದವರು ನೂರಕ್ಕೆ 6 ಮಂದಿ. ಈ ವ್ಯಾಯಾಮಕ್ಕೆ ಬೇಕಾದ ಖರ್ಚು ಸೊನ್ನೆ. ಜಾಹೀರಾತು ಬಾರದಿರಲು ಅದೇ ಕಾರಣ ಇರಬೇಕು.

ಮಾಡುವ ಕ್ರಮ ಹೀಗೆ. ಮೊದಲು ಮೂತ್ರ ಮಾಡಿ ಬಂದು, ಮಲಗಿಕೊಂಡು ಅಥವಾ ಸ್ಟೂಲಿನ ಮೇಲೆ ಕೂತುಕೊಂಡು, ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ತಡೆಯುವಾಗ ಹೇಗೆ ಬಿಗಿಹಿಡಿಯುತ್ತೀರೋ ಹಾಗೆ ಹಿಂದಿನ ಭಾಗವನ್ನು ಬಿಗಿಹಿಡಿಯಿರಿ. ಅದರೊಂದಿಗೇ ಮೂತ್ರ ತಡೆಯುವಾಗಿನ ಹಾಗೆ ಮುಂದಿನ ಭಾಗವನ್ನೂ ಬಿಗಿದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿರಿ. ಉಸಿರು ಕಟ್ಟಬಾರದು. ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಮೊದಮೊದಲು ಐದು ಎಣಿಸುವಷ್ಟು ಹೊತ್ತು ಹಿಡಿದರೆ ಸಾಕು. ಗಡಿಯಾರ ಇಲ್ಲದ ಅಜ್ಜಿಯಂದಿರು ಅರ್ಧ ನಮೋ ಮರಿಯಾ ಹೇಳುವಷ್ಟು ಹೊತ್ತು ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಬಳಿಕ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಈ ಸಡಿಲ ಬಿಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ಹೀಗೆ ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಮೂರು ದಿನ ಮಾಡಿ ಆಗಲಿಲ್ಲವೆಂದು ಬಿಡುವುದು ಬೇಡ. ತೆಂಗಿನ ಗಿಡ ನೆಟ್ಟು ಮರುದಿನ ಕಾಯಿ ಹುಡುಕುವವರು ಯಾರಿದ್ದಾರೆ? ಬೀಡಿ ಕಟ್ಟುವಾಗ, ಅಡಿಕೆ ಸುಲಿಯುವಾಗ, ಬಸ್ಸಿಗೆ ಕಾಯುವಾಗ ಮಾಡಬಹುದು. ಪಕ್ಕದವರಿಗೂ ತಿಳಿಯುವುದಿಲ್ಲ. ಮೂತ್ರ ಮಾಡುವ ನಡುವೆ ತಡೆದು ತಡೆದು ಅಭ್ಯಾಸ ಮಾಡಬಾರದು, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ಸ್ನಾಯುವಿನ ಗುರುತು ಸಿಕ್ಕಿದ ಮೇಲೆ ಕೆಮ್ಮುವ, ಸೀನುವ, ಕೊಡಪಾನ ಎತ್ತುವ ಕ್ಷಣಕ್ಕೆ ಮುಂಚೆ ಒಮ್ಮೆ ಬಿಗಿಹಿಡಿಯಲು ಕಲಿಯಬೇಕು. 1998ರಲ್ಲಿ ಮಿಚಿಗನ್ನಿನಲ್ಲಿ 27 ಮಂದಿ ಹಿರಿಯ ಹೆಂಗಸರಿಗೆ ಇದೊಂದನ್ನೇ ಕಲಿಸಿ ಒಂದು ವಾರ ಬಿಟ್ಟು ನೋಡಿದಾಗ, ಕೆಮ್ಮಿದಾಗಿನ ಸೋರಿಕೆ ಬಹುಪಾಲು ಕಡಿಮೆಯಾಗಿತ್ತು.

ಎಷ್ಟು ಪ್ರಯತ್ನಿಸಿದರೂ ಏನೂ ಬಿಗಿದಂತೆ ಅನಿಸದವರು, ಅಥವಾ ಬಿಗಿಯುವ ಬದಲು ಕೆಳಕ್ಕೆ ಮುಕ್ಕುವವರು, ಫಿಸಿಯೋಥೆರಪಿಯವರ ಬಳಿ ಹೋಗಿ ಕಲಿಯಬೇಕು. ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಈ ವಿಭಾಗ ಇದೆ. ನಮ್ಮವರು ಹೆಚ್ಚಾಗಿ ಹೋಗುವ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಕಾಲೇಜೇ ಇದೆ. ಹೆಂಗಸರೇ ಹೇಳಿಕೊಡಲಿ ಎಂದು ಕೇಳುವ ಹಕ್ಕು ನಿಮಗಿದೆ. ಅಲ್ಲಿಯೂ ಆಗದಿದ್ದರೆ, ಕೈಯಲ್ಲಿ ಹಣವೂ ಇದ್ದರೆ, ಆಗ ಕುರ್ಚಿಯ ವಿಚಾರ.

ಕುರ್ಚಿಗೆ ಹೋಗುವವರು

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಆ ಕುರ್ಚಿಯ ಹತ್ತಿರವೂ ಹೋಗಬಾರದು. ಸೊಂಟ, ತೊಡೆಯೆಲುಬುಗಳಿಗೆ ರಾಡು, ಪ್ಲೇಟು, ಕೃತಕ ಕೀಲು ಹಾಕಿಸಿದವರು, ಗರ್ಭಿಣಿಯರು, ಆ ಭಾಗದಲ್ಲಿ ಕ್ಯಾನ್ಸರ್ ಇದ್ದವರು ಕೂರಬಾರದು. ಕಾಪರ್-ಟಿ ಹಾಕಿಸಿಕೊಂಡವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹತ್ತು ವರ್ಷದ ಹಿಂದೆ ಹಾಕಿಸಿ ಮರೆತೇಬಿಟ್ಟವರು ನಮ್ಮಲ್ಲಿ ಕಡಿಮೆಯಿಲ್ಲ ಎಂದು ಸಿಸ್ಟರ್ ಒಬ್ಬರು ಹೇಳಿದರು. ಸೀರೆಯ ಪಿನ್ನು, ಕೀಗೊಂಚಲು, ನಾಣ್ಯ, ಮೊಬೈಲು, ಬ್ಯಾಂಕಿನ ಕಾರ್ಡು ಎಲ್ಲವನ್ನೂ ಹೊರಗಿಟ್ಟು ಕೂರಬೇಕು.

ಹಣ ಕಟ್ಟುವ ಮೊದಲು ಸ್ತ್ರೀರೋಗ ತಜ್ಞರೋ ಮೂತ್ರರೋಗ ತಜ್ಞರೋ ಪರೀಕ್ಷೆ ಮಾಡಿದ್ದಾರೆಯೇ, ಮೂತ್ರದ ಪರೀಕ್ಷೆ ಮತ್ತು ಸಕ್ಕರೆಯ ಪರೀಕ್ಷೆ ಆಗಿದೆಯೇ ಎಂದು ನೋಡಿಕೊಳ್ಳಿರಿ. ಮೂತ್ರದಲ್ಲಿ ಸೋಂಕು ಇದ್ದರೆ ಕೆಲವು ದಿನಗಳ ಮಾತ್ರೆಯಿಂದಲೇ ಸೋರಿಕೆ ನಿಲ್ಲಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರನ್ನು ಎಷ್ಟು ಸಲ ಕುರ್ಚಿಯಲ್ಲಿ ಕೂರಿಸಿದರೂ ಅವರು ಬಚ್ಚಲಿಗೆ ಓಡುವುದು ತಪ್ಪದು. ರಕ್ತದೊತ್ತಡಕ್ಕೆ ಕೊಡುವ ನೀರಿಳಿಸುವ ಮಾತ್ರೆಯಿಂದಲೂ ಕೆಲವರಿಗೆ ತೊಂದರೆ ಬರುತ್ತದೆ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ತೆಗೆದುಕೊಳ್ಳುವ ಹೊತ್ತನ್ನು ವೈದ್ಯರು ಬದಲಾಯಿಸಿಕೊಡುತ್ತಾರೆ. ಪರೀಕ್ಷೆಯೇ ಇಲ್ಲದೆ ಪ್ಯಾಕೇಜು ಎಂದು ಆರು ಸಲದ ಹಣವನ್ನು ಒಮ್ಮೆಲೇ ಕೇಳುವ ಕ್ಲಿನಿಕ್ಕಿನಿಂದ ಎದ್ದು ಬರುವುದು ಲೇಸು.

ಮೂತ್ರದಲ್ಲಿ ರಕ್ತ, ಕೆಳಗೆ ಗಡ್ಡೆಯಂತೆ ಏನೋ ಇಳಿದು ಬಂದಂತೆ ಅನಿಸುವುದು, ಮೂತ್ರ ಕಟ್ಟಿಕೊಳ್ಳುವುದು, ಕಾಲುಗಳು ಮರಗಟ್ಟುವುದು, ಕಷ್ಟದ ಹೆರಿಗೆಯೋ ಗರ್ಭಕೋಶದ ಆಪರೇಶನ್ನೋ ಆದ ಬಳಿಕ ಹಗಲೂ ರಾತ್ರಿ ತೊಟ್ಟಿಕ್ಕುತ್ತಲೇ ಇರುವುದು, ಇವಕ್ಕೆ ಕುರ್ಚಿಯೂ ಅಲ್ಲ, ವ್ಯಾಯಾಮವೂ ಅಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಕೋಶ ಜಾರಿದವರಿಗೆ ರಿಂಗ್ ಹಾಕುವುದುಂಟು, ಆಪರೇಶನ್ನೂ ಉಂಟು.

ತೋಟದ ಕೆಲಸ

ಕೃಷಿಕರ ಮನೆಯ ಗಂಡಸರು ಕೇಳಬೇಕಾದ ಮಾತು ಇನ್ನು ಬರುತ್ತದೆ. ಹೆರಿಗೆಯಾಗಿ ನಲ್ವತ್ತು ದಿನ ಬಾಣಂತಿಯನ್ನು ಮಲಗಿಸಿ ಮದ್ದು ಲೇಹ್ಯ ತಿನ್ನಿಸುತ್ತೇವೆ. ನಲ್ವತ್ತೊಂದನೆಯ ದಿನ ಹಟ್ಟಿಯ ಗೊಬ್ಬರದ ಬುಟ್ಟಿ ಆಕೆಯ ತಲೆಗೇರುತ್ತದೆ. ಹಿಗ್ಗಿದ ತಳಸ್ನಾಯು ಮತ್ತೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆ ಕಾಲದಲ್ಲಿ ತಲೆಹೊರೆ ಬೇಡ. ಒಂದು ಕೈಗಾಡಿಯ ಬೆಲೆ ಆ ಕುರ್ಚಿಯಲ್ಲಿ ಕೆಲವು ಸಲ ಕೂರುವ ಖರ್ಚಿಗಿಂತ ಕಡಿಮೆ. ಗೊಬ್ಬರ, ಅಡಿಕೆ, ಹುಲ್ಲು ಎಲ್ಲವನ್ನೂ ಅದರಲ್ಲಿ ದೂಡಿಕೊಂಡು ಹೋಗಬಹುದು, ಗಂಡಸರ ನಡುವಿಗೂ ಒಳ್ಳೆಯದು. ಕೈಗಾಡಿ ಹೋಗದ ಏರುತಗ್ಗಿನ ತೋಟವಾದರೆ ದೊಡ್ಡ ಹೊರೆಯ ಬದಲು ಎರಡು ಸಣ್ಣ ಹೊರೆ. ಹೊರೆ ಎತ್ತುವಾಗ ಮೊದಲು ತಳವನ್ನು ಬಿಗಿಹಿಡಿದು, ಉಸಿರು ಹೊರಬಿಡುತ್ತಾ ಮೊಣಕಾಲು ಮಡಚಿ ಎತ್ತಬೇಕು.

ನೀರು ಕುಡಿಯದಿರುವುದು ಪರಿಹಾರವಲ್ಲ. ಮೂತ್ರ ಮಂದವಾಗಿ ಉರಿಯುತ್ತದೆ, ಸೋಂಕು ಬರುತ್ತದೆ, ಮಲ ಗಟ್ಟಿಯಾಗುತ್ತದೆ. ಮುಕ್ಕಿ ಮುಕ್ಕಿ ತಳ ಇನ್ನಷ್ಟು ಸಡಿಲವಾಗುತ್ತದೆ. ಕೆಲಸದವರು ಬರುವ ತೋಟಗಳಲ್ಲಿ ಹೆಂಗಸರಿಗೆ ಮರೆಯಾದ ಒಂದು ಕಕ್ಕಸು ಇದೆಯೇ ಎಂದು ತೋಟದ ಯಜಮಾನರು ಯೋಚಿಸಬೇಕು. ಪಂಪ್‌ಶೆಡ್ಡಿಗೆ ಹಣ ಹಾಕುವವರಿಗೆ ಅದರ ಪಕ್ಕದಲ್ಲಿ ಒಂದು ಕಕ್ಕಸು ಕಟ್ಟಿಸುವುದು ಭಾರವಾಗಲಾರದು. ಮೈಭಾರ ಹೆಚ್ಚಿರುವವರಿಗೂ ಒಂದು ಮಾತು. ಅಮೆರಿಕದಲ್ಲಿ 338 ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈಭಾರದ ನೂರರಲ್ಲಿ ಎಂಟು ಪಾಲು ಇಳಿಸಿದವರ ಗುಂಪಿನಲ್ಲಿ ವಾರದ ಸೋರಿಕೆ ಸುಮಾರು ಅರ್ಧಕ್ಕೆ ಇಳಿದಿತ್ತು.

ವೈದ್ಯರ ಬಳಿ ಹೋಗುವ ಮೊದಲು ಮೂರು ದಿನದ ಲೆಕ್ಕ ಬರೆದಿಟ್ಟುಕೊಳ್ಳಿರಿ. ಮಕ್ಕಳ ಹಳೆಯ ನೋಟುಬುಕ್ಕಿನ ಒಂದು ಹಾಳೆ ಸಾಕು. ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಮೂತ್ರಕ್ಕೆ ಹೋದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ, ಇಷ್ಟೇ. ಬರೆಯಲು ಬಾರದವರಿಗೆ ಮಗಳೋ ಸೊಸೆಯೋ ಬರೆದುಕೊಡಲಿ. ಮಾತ್ರೆಗಳ ಚೀಟಿಯನ್ನೂ ಒಯ್ಯಬೇಕು. ಕಾಸರಗೋಡು, ಕಾಞಂಗಾಡಿನ ಸರಕಾರಿ ಆಸ್ಪತ್ರೆಗಳಿಗೆ ಹೋಗುವ ನಮ್ಮ ಹಿರಿಯ ತಾಯಂದಿರಲ್ಲಿ ಮಲಯಾಳ ಬಾರದವರು ಇದ್ದಾರೆ. ಜೊತೆಗೆ ಬಂದ ಮೊಮ್ಮಗನ ಬಾಯಿಂದ ಇದನ್ನು ಹೇಳಿಸಲು ನಾಚಿ, ಕಾಲುನೋವು ಎಂದು ಹೇಳಿ ಎಣ್ಣೆ ತೆಗೆದುಕೊಂಡು ಹಿಂದಿರುಗುತ್ತಾರೆ. ಅಂಥವರು ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡರೆ ಸಾಕು. "ಮೂತ್ರಂ ಅರಿಯಾದೆ ಪೋಗುನ್ನು" ಎಂದರೆ ಅರಿವಿಲ್ಲದೆ ಮೂತ್ರ ಹೋಗುತ್ತದೆ ಎಂದರ್ಥ. ಕೆಮ್ಮುವಾಗ ಮಾತ್ರ ಹೋಗುವುದಾದರೆ "ಚುಮಯ್ಕುಂಬೋಳ್ ಮೂತ್ರಂ ಪೋಗುನ್ನು" ಎನ್ನಬೇಕು. ಉಳಿದುದನ್ನು ಆ ಹಾಳೆಯೇ ವೈದ್ಯರಿಗೆ ಹೇಳುತ್ತದೆ.